ಆಚೆ ದಡದ ಅಳು

ಜಾರ್ಜ್‌ಟೌನ್, ಪಿನಾಂಗ್
ಜೂನ್ ೧೪, ಭಾನುವಾರ

ಪ್ರೀತಿಯ ಬೀ ಲಿಯಾನ್‌ಗೆ,

ಮೊಣಕಾಲು ನೋವು ಹೇಗಿದೆ? ತೈಪಿಂಗಿನ ಮಳೆಗೆ ಅದು ಇನ್ನಷ್ಟು ಬಿಗಿಯುತ್ತದೆ, ಎಣ್ಣೆ ಹಚ್ಚಿಕೋ. ನಿನ್ನ ಅಕ್ಕ ಡೂರಿಯನ್ ಹಣ್ಣು ಮುಂದಿಟ್ಟರೆ ಮಿತಿಯಲ್ಲಿ ತಿನ್ನು, ನಿನಗೆ ಬಾಯಿ ಹುಣ್ಣಾಗುತ್ತದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟಿದ್ದೆ. ಬೇಡ, ಇಲ್ಲದ ಮಾಲನ್ನು ಇದೆ ಎಂದು ಮಾರುವ ಚಟ ಈ ಕಾಗದದಲ್ಲಾದರೂ ನಿಲ್ಲಲಿ.

ಪರಿಚಯದವರ ಕಣ್ಣಿಗೆ ಬೀಳಬಾರದೆಂದು ಫೆರ್ರಿ ಹತ್ತಿ ಆಚೆ ದಡದ ಬಟರ್‌ವರ್ತ್‌ನ ಆಪ್ತಸಲಹೆಗಾರ್ತಿಯ ಹತ್ತಿರ ಹೋಗೋಣ ಎಂದವನು ನಾನೇ. ಯಾರಾದರೂ ಕೇಳಿದರೆ ಹಲ್ಲಿನ ಡಾಕ್ಟರು ಅನ್ನು ಎಂದು ಹೇಳಿಕೊಟ್ಟವನೂ ನಾನೇ. ಅಲ್ಲಿ ಕೂತು, ಸಂತೆಯಲ್ಲಿ ನಾನು ಬಾಣಲೆ ಮಾರುವ ಹಾಗೆಯೇ ನಮ್ಮ ಸಂಸಾರದ ಗುಣಗಾನ ಮಾಡಿದೆ. ಆಕೆ ನಕ್ಕು, "ಸ್ವಲ್ಪ ಸುಮ್ನಿದ್ದು ಇವರ ಮುಖ ನೋಡಿ" ಅಂದರು. ಆಗ ನೀನು ಅಂದೆಯಲ್ಲ, "ಇವ್ರು ಗಿರಾಕಿ ಹತ್ರ ಮಾತಾಡ್ತಾರೆ, ಟಿವಿ ಹತ್ರ ಮಾತಾಡ್ತಾರೆ. ನನಗೆ ಅಂತ ಒಂದು ಮಾತು ಉಳಿಸ್ಕೊಂಡು ಬರಲ್ಲ" ಎಂದು, ನಾನು ಅದಕ್ಕೊಂದು ತಮಾಷೆಯ ಉತ್ತರ ಹುಡುಕಿದೆ. ಸಿಗಲಿಲ್ಲ, ಅಳು ಬಂತು. ನೀನು ಅಂಗಿಯ ತೋಳಿನಿಂದ ನನ್ನ ಮೂಗು ಒರೆಸಿದೆ. ಮರಳುವಾಗ ಫೆರ್ರಿಯಲ್ಲಿ ಹಿಡಿದ ಕೈಯನ್ನು ಈಚೆ ದಡ ಬಂದರೂ ಬಿಡಲಿಲ್ಲ.

ಅಂಥದ್ದನ್ನು ನಾನು ಕಾಫಿ ಅಂಗಡಿಯಲ್ಲಿ ಹರಾಜಿಗಿಟ್ಟೆ. ಅಂಗಡಿಯ ಖೂನ್ ಚಾಯ್, "ಗುರುವಾರ ಗುರುವಾರ ಜೋಡಿಯಾಗಿ ಎಲ್ಲಿಗಪ್ಪಾ ಸವಾರಿ, ಇನ್ನೊಂದು ಹನಿಮೂನಾ?" ಎಂದು ಕೆಣಕಿದ. ಎಲ್ಲರೂ ನಕ್ಕರು. "ಅವಳ ತಲೆ ಸ್ವಲ್ಪ ಸರಿಯಿಲ್ಲ ಕಣ್ರೋ, ಡಾಕ್ಟ್ರ ಮುಂದೆ ಗೊಳೋ ಅಂತ ಅಳ್ತಾಳೆ, ನಾನೇ ಮೂಗು ಒರೆಸ್ತೀನಿ" ಅಂದುಬಿಟ್ಟೆ. ಮರುದಿನ ತೋಫು ಮಾರುವವಳು ನಿನ್ನ ಬೆನ್ನು ಸವರಿ ಸಮಾಧಾನ ಹೇಳಿದಳಂತೆ. ನೀನು ಜಗಳವಾಡಲಿಲ್ಲ. ಚೀಲ ಕಟ್ಟುತ್ತ ಅಂದದ್ದು ಇಷ್ಟೇ: "ಅವತ್ತು ಅತ್ತಾಗಲೇ ನೀವು ನನ್ನೋರು ಅನ್ನಿಸಿದ್ದು. ಅದಕ್ಕೇ ನಾಚ್ಕೊಂಡ್ರಲ್ಲ." ಬಾಯಿಂದಲೇ ಬದುಕಿದ ನಾನು ಬಾಗಿಲಿನಿಂದ ಸರಿದು ನಿನಗೆ ದಾರಿ ಬಿಟ್ಟೆ.

ನಿನ್ನ ಅಕ್ಕನಿಗೆ ನಮಸ್ಕಾರ ತಿಳಿಸು. ಬೈಯುವುದಿದ್ದರೆ ಫೋನ್ ಮಾಡಲಿ, ಎತ್ತುತ್ತೇನೆ.

ತಲೆ ತಗ್ಗಿಸಿರುವ ನಿನ್ನ,
ಟೇಕ್ ಹುವಾತ್

ತಾ.ಕ.: ಇಂದು ಕಾಫಿ ಅಂಗಡಿ ತುಂಬಿದ್ದಾಗ ಎದ್ದು ನಿಂತು, "ಅತ್ತಿದ್ದು ಅವಳಲ್ಲ, ನಾನು" ಎಂದೆ. ಯಾರೂ ನಂಬಲಿಲ್ಲ. "ಹೆಂಡ್ತೀನ ವಾಪಸ್ ಕರೆಸೋಕೆ ಏನ್ ನಾಟಕವಯ್ಯಾ!" ಎಂದು ಖೂನ್ ಚಾಯ್ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ನಿಜಕ್ಕೂ ಅಳು ಬಂತು, ಎಲ್ಲರ ಎದುರಿಗೇ. ನಗು ನಿಂತುಹೋಯಿತು. ಗುರುವಾರ ನಾನು ಬಟರ್‌ವರ್ತ್‌ನಲ್ಲಿ ಇರುತ್ತೇನೆ. ತೈಪಿಂಗಿನ ರೈಲು ನೇರ ಅಲ್ಲಿಗೇ ಬರುತ್ತದೆ. ಈ ದಡಕ್ಕೆ ಬರಲು ಮನಸ್ಸಿಲ್ಲದಿದ್ದರೆ ಅಲ್ಲಿಯವರೆಗಾದರೂ ಬಾ.