ಅಪ್ಪನ ಕೋಣೆಯ ಫ್ಯಾನು

ಮೇ ೧೪, ಮಂಗಳವಾರ. ಕೆಟ್ಟ ಸೆಕೆ.

ಇವತ್ತು ಮಧ್ಯಾಹ್ನ ಅಪ್ಪನ ಕೋಣೆಯ ಫ್ಯಾನು ಮತ್ತೆ ನಿಂತುಹೋಗಿತ್ತು. ಅಮ್ಮ ಕೆಲಸದಿಂದ ಬರುವಷ್ಟರಲ್ಲಿ ದಿಂಬೆಲ್ಲ ಬೆವರಲ್ಲಿ ತೊಯ್ದಿತ್ತಂತೆ. ಈ ಕ್ವಾರ್ಟರ್ಸಿನ ಕೋಣೆಕೋಣೆಗೂ ಸೆನ್ಸರ್ ಹಾಕಿದವನು ನಾನೇ. ಒಳಗೆ ಯಾರೂ ಅಲ್ಲಾಡದಿದ್ದರೆ ಲೈಟು, ಫ್ಯಾನು ತಾವಾಗಿಯೇ ಆರುತ್ತವೆ, ಕರೆಂಟು ಉಳಿಯುತ್ತದೆ. ಲಕ್ವ ಹೊಡೆದ ಅಪ್ಪ ಎಲ್ಲಿಂದ ಅಲ್ಲಾಡಬೇಕು?

ಹೋದ ವಾರ ಅಕ್ಕ ಒಂದು ಉಪಾಯ ಮಾಡಿದ್ದಳು. ಫ್ಯಾನಿನ ಗಾಳಿಗೆ ಹಾರಾಡುವ ಹಾಗೆ ಅಪ್ಪನ ಹಳೇ ಅಂಗಿ ನೇತುಹಾಕಿದಳು. ಯಾರೋ ಇದ್ದಾರೆ ಅಂದುಕೊಂಡು ಸೆನ್ಸರ್ ತೆಪ್ಪಗಿತ್ತು. ನಾವು ಬಿದ್ದು ಬಿದ್ದು ನಕ್ಕೆವು. ಅಪ್ಪನ ಕಣ್ಣೂ ನಕ್ಕಿತು.

ನಿನ್ನೆ ನಮ್ಮ ಇಂಜಿನಿಯರ್ ಮೊಬೈಲಿನಲ್ಲಿ ಸೆನ್ಸರ್‌ಗಳ ಲೆಕ್ಕ ನೋಡುತ್ತಾ ಕರೆದರು. "ಏನೋ, ನಿಮ್ಮಪ್ಪ ದಿನಪೂರ್ತಿ ಓಡಾಡ್ತಾರಲ್ಲೋ! ಹುಷಾರಾದ್ರಾ?"

"ಇಲ್ಲ ಸಾರ್, ಅದು ಅವರ ಅಂಗಿ."

ಅವರ ಮುಖ ಸಣ್ಣದಾಯಿತು. "ತೆಗೆದುಬಿಡು ಮಾರಾಯ. ಉಳಿತಾಯದಲ್ಲಿ ಊರಿಗೇ ಮೊದಲು ಬಂದಿರೋ ಬಿಲ್ಡಿಂಗು."

"ಆ ಒಂದು ಸೆನ್ಸರ್ ಬಿಚ್ಲಾ ಸಾರ್?"

"ಬಿಚ್ಚಿದ್ರೆ ಮೇಲಿನವರಿಗೆ ಗೊತ್ತಾಗತ್ತೆ. ನಿನ್ ಕೆಲ್ಸ ಹೋದ್ರೆ ಮನೇನೂ ಹೋಗತ್ತೆ. ನಾನೇನ್ ಮಾಡ್ಲಿ ಹೇಳು?"

ನಿನ್ನೆ ಸಂಜೆಯೇ ಬಂದು ಅಂಗಿ ಮಡಿಸಿಟ್ಟೆ. ಅಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ರಾತ್ರಿ ಮೂವರೂ ಸರದಿ ಮೇಲೆ ಎದ್ದಿರುತ್ತೇವೆ. ಈಗ ನನ್ನದು. ಬರೆಯುವುದು ನಿಲ್ಲಿಸಿ ಆಗಾಗ ಆ ಸೆನ್ಸರ್ ಡಬ್ಬಿಗೆ ಕೈ ಬೀಸುತ್ತೇನೆ. ಸಾಕು, ಮಲಗು ಅನ್ನುವಂತೆ ಅಪ್ಪ ನೋಡುತ್ತಾರೆ. ಕಣ್ಣು ಎಳೆಯುತ್ತಿದೆ. ರಾತ್ರಿ ಹೇಗೋ ಕಳೆಯುತ್ತದೆ. ಬೆಳಗಾದರೆ ಮೂವರೂ ಕೆಲಸಕ್ಕೆ ಹೋಗಬೇಕು, ಆಮೇಲೆ ಇಲ್ಲಿ ಯಾರು ಕೈ ಬೀಸ…