ತೆಗೀರಿ ಅಂದೆ, ತೆಗೆದರು

ಕಸಬಾ,
ಮರುಬೇಸಿಗೆ ತಿಂಗಳ ನಲವತ್ತೊಂದನೆಯ ದಿನ,
ನಿಮ್ಮ ಎಣಿಕೆಯಲ್ಲಿ ಕ್ರಿ.ಶ. ೨೩೪೦ರ ಆಸುಪಾಸು

ನಮಗಿಂತ ಎಷ್ಟೋ ತಲೆಮಾರು ಮುಂಚೆ ಬದುಕಿದ ಹಿರಿಯರಿಗೆ, ಕಸಬಾದ ತಿಪ್ಪವ್ವ ಬರೆಯುವುದು.

ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಶಾಲೆಯಲ್ಲಿ ಕಲಿತದ್ದು, ಮನೆಯಲ್ಲಿ ಆಡಿದ್ದಲ್ಲ. ತಿಂಗಳ ಹೆಸರಿನಿಂದಲೇ ತೊಡಕು ಶುರುವಾಗುತ್ತದೆ, ಗೊತ್ತು. ನಮ್ಮಲ್ಲಿ ಬೇಸಿಗೆ ಒಮ್ಮೆ ಬಂದು ಹೋದಂತೆ ಮಾಡಿ ಮತ್ತೆ ಬರುತ್ತದೆ. ಆ ಎರಡನೆಯ ಸರದಿ ಎಷ್ಟು ದಿನ ನಡೆದರೂ ಒಂದೇ ತಿಂಗಳೆಂದು ಎಣಿಸಿ ಮರುಬೇಸಿಗೆ ಎನ್ನುತ್ತೇವೆ. ಆಗ ಹಗಲೆಲ್ಲ ಬಿಸಿಲುಬಂದ್. ನಸುಕಿನಲ್ಲಿ ಒಂದು ಬಂಡಿ, ಸೂರ್ಯ ಇಳಿದ ಮೇಲೆ ಒಂದು ಬಂಡಿ, ನಡುವೆ ಯಾರೂ ಮೇಲೆ ತಲೆ ಹಾಕುವಂತಿಲ್ಲ. ನಾವಿರುವ ಮನೆಗಳಿಗೆ ಹಗೇವು ಎನ್ನುತ್ತೇವೆ. ನಿಮ್ಮಲ್ಲಿ ಅದು ಜೋಳ ಕೂಡಿಡುವ ನೆಲದಡಿಯ ಗುಂಡಿಯ ಹೆಸರಾಗಿತ್ತಂತೆ. ಈಗ ಅದರಲ್ಲಿ ನಾವೇ ಇದ್ದೇವೆ. ತಂಪಾಗಿದೆ, ದೂರಿಲ್ಲ.

ಹಿಂದಿನವರಿಗೆ ಓಲೆ ಬರೆಯುವ ಅವಕಾಶವನ್ನು ಸರ್ಕಾರ ನಮ್ಮ ಕಾಲದಲ್ಲಿ ಕೊಟ್ಟಿದೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ. ನಮ್ಮ ಓಣಿಯವರಲ್ಲಿ ಹೆಚ್ಚಿನವರು ಮುತ್ತಜ್ಜಿಯ ಮುತ್ತಜ್ಜಿಗೆ ಪ್ರೀತಿಯಿಂದ ಬರೆದರು, ಕೆಲವರು ಮರ ಕಡಿಯಬೇಡಿ ಎಂದು ಬೇಡಿಕೊಂಡರು. ನಾನು ನನ್ನ ಒಂದೇ ಅವಕಾಶವನ್ನು ನಿಮ್ಮ ಈಮೇಲಿನ ಒಂದು ಕಪಾಟಿನ ಹೆಸರು, ಒಂದು ಗುಂಡಿಯ ಮೇಲಿನ ಮಾತು, ಇವೆರಡಕ್ಕಾಗಿ ಖರ್ಚು ಮಾಡುತ್ತಿದ್ದೇನೆ. ಅಷ್ಟು ಹೇಸಿಗೆಯಾಗಿದೆ ನನಗೆ.

ಈಮೇಲನ್ನು ನಾವು ಓಲೆ ಎನ್ನುತ್ತೇವೆ. ಹೆಸರು ಬದಲಾಗಿದೆ, ವಸ್ತು ನಿಮ್ಮದೇ. ಮನೆ, ಊಟ, ಉಡುಗೆ, ನದಿಯ ದಿಕ್ಕು ಎಲ್ಲವೂ ಬದಲಾದವು. ನಿಮ್ಮ ಓಲೆಪೆಟ್ಟಿಗೆ ಮಾತ್ರ ಹಾಗೇ ಉಳಿಯಿತು. ಒಳಗೆ ಕೈ ಹಾಕಿದರೆ ಏನು ಕುಸಿಯುತ್ತದೋ ಎಂಬ ಭಯದಿಂದ ಪ್ರತಿ ತಲೆಮಾರೂ ಅದರ ಮೇಲೆ ಇನ್ನೊಂದು ಪದರ ಸುಣ್ಣ ಬಳಿದು ಕೈತೊಳೆದುಕೊಂಡಿದೆ. ನೀವೇ ಕೂಡಿಹಾಕಿದ ಗೊಂದಲವೂ ಹಾಗೇ ಇದೆ. ಬೇಡದ ಪತ್ರಗಳು ಬೀಳುವ ಕಪಾಟಿಗೆ ನಿಮ್ಮಲ್ಲಿ ಒಂದು ಅಂಗಡಿಯವರು ಜಂಕ್ ಎಂದರಂತೆ, ಇನ್ನೊಬ್ಬರು ಸ್ಪ್ಯಾಮ್ ಎಂದರಂತೆ, ಮತ್ತೊಬ್ಬರು ಬಲ್ಕ್ ಎಂದರಂತೆ. ಅಳಿಸಿದ ಪತ್ರಗಳಿಗೆ ಟ್ರ್ಯಾಶ್ ಎಂದು ಬೇರೆ ಜಾಗ. ಸ್ಪ್ಯಾಮ್ ಎಂದರೆ ಡಬ್ಬಿಯಲ್ಲಿ ತುಂಬಿ ಮಾರುವ ಮಾಂಸ ಎಂದು ನಮ್ಮ ಮೇಷ್ಟ್ರು ಹೇಳಿದಾಗ ಇಡೀ ತರಗತಿ ನಕ್ಕಿತ್ತು. ಈಗ ನನಗೆ ನಗು ಬರುವುದಿಲ್ಲ. ಇವೆಲ್ಲ ಕನ್ನಡಕ್ಕೆ ಬಂದಾಗ ಒಂದೂರಲ್ಲಿ ಕಸ ಆಯಿತು, ಒಂದೂರಲ್ಲಿ ಗುಜರಿ, ಒಂದೂರಲ್ಲಿ ಬೇಡದ್ದು. ಅಕ್ಕಪಕ್ಕದ ಎರಡು ಊರಿನ ಪೆಟ್ಟಿಗೆಗಳಲ್ಲಿ ಒಂದೇ ಹೆಸರಿಲ್ಲ.

ನನ್ನ ಗಂಡ ಯಂಕೋಬ ಗಾಳಿಕಂಬ ಹತ್ತುವವನು. ಹಗೇವುಗಳಿಗೆ ಗಾಳಿ ಇಳಿಸುವ ಎತ್ತರದ ಕಂಬಗಳು ಅವು. ಮರುಬೇಸಿಗೆಯಲ್ಲಿ ಅವುಗಳ ರೆಕ್ಕೆಗೆ ಮರಳು ಸಿಕ್ಕಿಕೊಳ್ಳುತ್ತದೆ. ಹೋದ ವರ್ಷ ಏಳುಬಾವಿ ಎಂಬ ಊರಿನಲ್ಲಿ ಕಂಬದಿಂದ ಬಿದ್ದ. ಬಲಗಾಲು ಮೊಣಕಾಲಿನ ಕೆಳಗೆ ಜಜ್ಜಿಹೋಗಿತ್ತು. ಅಲ್ಲಿಯ ದವಾಖಾನೆಗೆ ಸೇರಿಸಿದರು. ಅಂದೇ ಮೂಳೆ ಕೂಡಿಸಿದರೆ ಕಾಲು ಉಳಿಯುತ್ತದೆ, ಅದಕ್ಕೆ ಬಿದ್ದವನ ಮಾತು ಸಾಲದು, ಮನೆಯವರ ಒಪ್ಪಿಗೆ ಬೇಕು ಎಂದು ಡಾಕ್ಟರಮ್ಮ ನನಗೆ ಫೋನು ಮಾಡಿಸಿದರು. ಫೋನಿನಲ್ಲೇ ಹ್ಞೂಂ ಎಂದೆ. ಅದು ನಡೆಯುವುದಿಲ್ಲವಂತೆ. ಯಾರ ಧ್ವನಿಯನ್ನು ಯಾರು ಬೇಕಾದರೂ ಕದ್ದು ಮಾತಾಡಬಹುದಾದ ವಿದ್ಯೆಯನ್ನು ನೀವು ನಮಗೆ ಬಿಟ್ಟುಹೋದಿರಿ. ಹಾಗಾಗಿ ನಮ್ಮಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ. ಮನೆಮುದ್ರೆ ಒತ್ತಿದ ಓಲೆಯೇ ಬೇಕು. ಒಂದು ಕೆಲಸಕ್ಕೆ ಮುದ್ರೆ ಒಂದೇ ಸಲ ಬೀಳುತ್ತದೆ. ಆ ಓಲೆ ಕಳೆದರೆ ಖುದ್ದಾಗಿ ಹೋಗಿ ಹೆಬ್ಬೆರಳು ಒತ್ತಬೇಕು.

ಕೂತ ಕಡೆಯೇ ಓಲೆ ಬರೆದು, ಮುದ್ರೆ ಒತ್ತಿ ಕಳಿಸಿದೆ. ಕಾದೆ. ಸಂಜೆಯ ಬಂಡಿಯ ಹೊತ್ತಾಗುತ್ತಾ ಬಂದರೂ ಉತ್ತರವಿಲ್ಲ. ಆಗ ನನಗೆ ಹೊಳೆಯಿತು. ನನ್ನ ಹೆಸರು ತಿಪ್ಪವ್ವ. ನನಗಿಂತ ಮುಂಚೆ ಹುಟ್ಟಿದವರು ಉಳಿಯಲಿಲ್ಲವೆಂದು, ಸಾವಿನ ಕಣ್ಣು ಇವಳ ಮೇಲಾದರೂ ಬೀಳದಿರಲಿ ಎಂದು, ನನ್ನವ್ವ ನನ್ನನ್ನು ತಿಪ್ಪೆಯ ಮೇಲೊಮ್ಮೆ ಹೊರಳಾಡಿಸಿ ಎತ್ತಿಕೊಂಡು ಈ ಹೆಸರಿಟ್ಟಳು. ನನ್ನೂರು ಕಸಬಾ. ಅದರ ಮುಂದೆ ಬೇರೊಂದು ದೊಡ್ಡ ಹೆಸರಿತ್ತಂತೆ, ಅದು ಈಗ ಯಾರಿಗೂ ನೆನಪಿಲ್ಲ. ಒಳ್ಳೆಯ ಓಲೆ, ಕೆಟ್ಟ ಓಲೆ ಬೇರ್ಪಡಿಸಲು ನೀವು ಪೆಟ್ಟಿಗೆಯ ಬಾಗಿಲಲ್ಲಿ ಕೂರಿಸಿಹೋದ ಜರಡಿಗೆ ಇಷ್ಟೆಲ್ಲ ಎಲ್ಲಿ ತಿಳಿಯಬೇಕು? ಕಸ ಎಂಬ ಎರಡಕ್ಷರ ಕಂಡಿತು, ತಿಪ್ಪೆ ಕಂಡಿತು, ಆಚೆ ಎಸೆಯಿತು. ನಮ್ಮೂರಿನ ಮದುವೆಯ ಕರೆಯೋಲೆಗಳಿಗೂ ಹೀಗೆ ಆಗಿದ್ದುಂಟು.

ದವಾಖಾನೆಗೆ ಫೋನು ಮಾಡಿದೆ. ಎತ್ತಿಕೊಂಡವನು ಪರಸಪ್ಪ, ಅಲ್ಲಿಯ ಗುಮಾಸ್ತ. ಒಳ್ಳೆಯ ಮನುಷ್ಯನೇ.

"ಅಣ್ಣಾರ, ನಾ ಯಂಕೋಬನ ಹೆಂಡ್ತಿ. ಒಪ್ಪಿಗಿ ಓಲೆ ಕಳಿಸೇನ್ರಿ, ಬಂದೈತೇನ್ ನೋಡ್ರಿ."

"ಬಂದಿಲ್ರೀ ಅಕ್ಕಾರ. ನಾವೂ ಅದನ್ನ ಕಾಯಾಕತ್ತೀವಿ."

"ಕಸದಾಗ ಬಿದ್ದಿರಬೇಕು. ಕಸದಾಗ ನೋಡ್ರಿ."

"ಏನ್ ಮಾತಂತ ಆಡ್ತೀರಿ? ಇದು ದವಾಖಾನಿ. ಇಲ್ಲಿ ಕಸ ಇರಂಗಿಲ್ಲ, ಮುಂಜಾನಿ ಸಂಜಿ ಬಳೀತಾರ."

"ಆ ಕಸ ಅಲ್ರೀ ಅಣ್ಣಾ. ಓಲೆಪೆಟ್ಟಿಗಿ ಒಳಗಿನ ಕಸ."

ಅವನು ಹುಡುಕುವುದು ಕೇಳಿಸುತ್ತಿತ್ತು. "ಕಸ ಅಂತ ಹೆಸರಽ ಇಲ್ರೀ ಇಲ್ಲಿ. ವಿಶ್ರಾಂತಿ ಅಂತ ಒಂದೈತಿ, ಇತರೆ ಅಂತ ಒಂದೈತಿ, ಗುಜರಿ ಅಂತ ಒಂದೈತಿ."

"ಗುಜರಿನ ಇರಬೇಕು. ಅದರಾಗ ಏನರ ಐತೇನ್ರಿ?"

"ಒಂದು ಓಲೆ ಐತಿ ಅಂತ ತೋರಸ್ತದ. ಯಾರದು ಅಂತ ಹೊರಗಿಂದ ಕಾಣಂಗಿಲ್ಲ."

"ನಂದಽ ಅದು! ತೆಗೀರಿ ಅದನ್ನ, ಲಗೂನ ತೆಗೀರಿ."

"ತೆಗೆ ಅಂತ ಗುಂಡಿ ಐತ್ರಿ, ಒತ್ತಲೇನು?"

"ಒತ್ರಿ, ಒತ್ರಿ."

"ಹ್ಞಾಂ, ತೆಗದೆ."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. "ಓದ್ರಿ ಅಣ್ಣಾರ. ಮುದ್ರಿ ಸರಿ ಬಿದ್ದೈತೇನ್ರಿ?"

"ಓದೋದೇನ್ರಿ? ತೆಗದ್ನಲ್ಲ ಅಕ್ಕಾರ. ಈಗ ಗುಜರಿ ಖಾಲಿ. ಎಲ್ಲಾ ಸ್ವಚ್ಛ ಆತು."

ನಮ್ಮೂರಿನ ಪೆಟ್ಟಿಗೆಯಲ್ಲಿ ಕಪಾಟಿನ ಬಾಗಿಲು ತೆರೆಯುವ ಗುಂಡಿಯ ಮೇಲೆ ತೆಗೆ ಎಂದು ಬರೆದಿದೆ. ಏಳುಬಾವಿಯ ಪೆಟ್ಟಿಗೆಯಲ್ಲಿ ಒಳಗಿನದನ್ನು ಮತ್ತೆ ಸಿಗದಂತೆ ಅಳಿಸಿಹಾಕುವ ಗುಂಡಿಯ ಮೇಲೂ ತೆಗೆ ಎಂದೇ ಬರೆದಿದೆ. ಎರಡೂ ಕನ್ನಡವೇ. ಬಾಗಿಲನ್ನೂ ತೆಗೆಯುತ್ತೇವೆ, ಕಸವನ್ನೂ ತೆಗೆಯುತ್ತೇವೆ. ಮನೆಯಲ್ಲಿ ಮಾತಾಡುವಾಗ ಯಾರಿಗೂ ತಪ್ಪು ತಿಳಿಯುವುದಿಲ್ಲ, ಎದುರಿಗೆ ಬಾಗಿಲಿರುತ್ತದೆ ಅಥವಾ ಕಸವಿರುತ್ತದೆ. ನೀವು ಎದುರಿಗೆ ಏನೂ ಇಲ್ಲದ ಕಡೆ ಆ ಮಾತನ್ನು ಒಂಟಿಯಾಗಿ ನಿಲ್ಲಿಸಿಬಿಟ್ಟಿರಿ. ಅದನ್ನು ಅಲ್ಲಿ ಬರೆದವರು ಒಮ್ಮೆಯಾದರೂ ಬಾಯಿಬಿಟ್ಟು ಓದಿ ನೋಡಿದ್ದರೇ? ಇಲ್ಲವೆಂದು ನಾನು ಆಣೆ ಇಟ್ಟು ಹೇಳಬಲ್ಲೆ.

ಸಂಜೆಯ ಬಂಡಿ ಅಷ್ಟರಲ್ಲಿ ಹೋಗಿತ್ತು. ನಸುಕಿನ ಬಂಡಿ ಹತ್ತಿ ಏಳುಬಾವಿಯಲ್ಲಿ ಇಳಿದೆ. ಡಾಕ್ಟರಮ್ಮ ಬಾಗಿಲಲ್ಲೇ ನಿಂತಿದ್ದರು. ಅವರ ಮುಖ ನೋಡಿದ ಕೂಡಲೇ ತಿಳಿಯಿತು. ಕಾಲು ಕಪ್ಪಾಗಿತ್ತು, ವಿಷ ಮೇಲೇರುತ್ತಿತ್ತು. ಕೂಡಿಸಲಿಕ್ಕೆಂದು ಮನೆಯಿಂದ ಕಳಿಸಿದ್ದ ಒಪ್ಪಿಗೆಯನ್ನು ಅಲ್ಲಿ ನಿಂತು ಕತ್ತರಿಸಲಿಕ್ಕೆ ಕೊಟ್ಟೆ. ಹೆಬ್ಬೆರಳು ಒತ್ತುವಾಗ ಪರಸಪ್ಪ ಪಕ್ಕದಲ್ಲಿ ಮಸಿಯ ಡಬ್ಬಿ ಹಿಡಿದುಕೊಂಡಿದ್ದ. ಒತ್ತಿದ ಮೇಲೆ ನನ್ನ ಬೆರಳಿನ ಮಸಿಯನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ.

ಯಂಕೋಬನಿಗೆ ಎಚ್ಚರವಾದಾಗ ಕಾಲಿನ ಮಾತು ಎತ್ತಲಿಲ್ಲ. ನನ್ನನ್ನು ನೋಡಿ ಕೇಳಿದ: "ನೀ ಯಾಕ ಒಪ್ಪಿಗಿ ಕಳಿಸಲಿಲ್ಲ?"

"ಕಳಿಸಿದ್ನಲ್ಲ. ಫೋನ್ ಬಂದ ಕೂಡಲೇ ಕಳಿಸೇನಿ."

"ಬಂದಿಲ್ಲ ಬಂದಿಲ್ಲ ಅಂತಽ ಹೇಳಿದ್ರು. ನಿಮ್ಮ ಮನಿಯಿಂದ ಏನೂ ಇಲ್ಲ ಅಂದ್ರು. ನಾ ಅನಕೊಂಡೆ, ಕುಂಟನ್ನ ಕಟಗೊಂಡು ಏನ್ ಮಾಡೋದು, ಬ್ಯಾಡ ಅಂದಿರಬೇಕು ಅಂತ."

ಹಿರಿಯರೇ, ಕಾಲು ಹೋದದ್ದಕ್ಕೆ ನಾನು ಅತ್ತು ಮುಗಿಸಿದ್ದೇನೆ. ಕಂಬ ಹತ್ತುವವರ ಮನೆಯಲ್ಲಿ ಅದಕ್ಕೆ ಮನಸ್ಸು ಹೇಗೋ ಸಿದ್ಧವಾಗಿರುತ್ತದೆ. ಆದರೆ ಆ ಮನುಷ್ಯ ನೋವಿನಲ್ಲಿ ಮಲಗಿ, ಹೆಂಡತಿಗೆ ನಾನು ಬೇಡವಾದೆ ಎಂದುಕೊಂಡು ಗೋಡೆ ನೋಡುತ್ತಿದ್ದನಲ್ಲ, ಅದನ್ನು ಯಾವ ಗುಂಡಿ ಒತ್ತಿ ಅಳಿಸಲಿ? ಈಗ ನಂಬಿದ್ದಾನೆ. ಆದರೂ ಮಾತಿನ ನಡುವೆ ಒಮ್ಮೊಮ್ಮೆ ನನ್ನ ಮುಖ ನೋಡುತ್ತಾನೆ. ಆ ನೋಟ ಹಿಂದೆ ಇರಲಿಲ್ಲ.

ದೂರು ಕೊಟ್ಟೆ. ನಮ್ಮಲ್ಲಿ ಓಲೆಪೆಟ್ಟಿಗೆಯ ಹೆಸರುಗಳಿಗಾಗಿಯೇ ಒಂದು ಸಮಿತಿಯಿದೆ. ತಂಪು ಕೋಣೆಯಲ್ಲಿ ಕೂತು, ನೆನೆಸಿದ ಸಜ್ಜೆ ತಿನ್ನುತ್ತಾ, ಹೊತ್ತು ಏರುವವರೆಗೂ ಗುಜರಿ ಎಂಬುದು ದೇಸಿ ಪದವೋ ಅಲ್ಲವೋ ಎಂದು ಚರ್ಚಿಸಿದರು. ನಾನು ಮೂಲೆಯಲ್ಲಿ ನಿಂತು ಕೇಳಿದೆ. ಕೊನೆಗೆ ಅಧ್ಯಕ್ಷರು ನನ್ನ ಕಡೆ ತಿರುಗಿದರು.

"ತಾಯೀ, ನಿಮ್ಮ ನೋವು ಸಮಿತಿಗೆ ಅರ್ಥವಾಗಿದೆ. ಗುಜರಿ ಅನ್ನೋ ಪದ ಓಲೆ ಕಳಿಸಿದವರಿಗೆ ಅವಮಾನ ಮಾಡುತ್ತೆ. ಇನ್ನು ಮುಂದೆ ಅದನ್ನ ಅತಿಥಿ ಅಂತ ಕರೀತೀವಿ."

"ಆ ಹೆಸರಿಗೆ ನಾ ಏನೂ ಅಂದಿಲ್ರಿ. ಆ ಗುಂಡಿ ಮ್ಯಾಲಿನ ಮಾತು ಬದಲಿ ಮಾಡ್ರಿ. ಅಳಿಸೋದಿದ್ರ ಅಳಿಸು ಅಂತ ಬರೀರಿ."

"ಗುಂಡಿ ನಮ್ಮ ವ್ಯಾಪ್ತಿಗೆ ಬರಲ್ಲ. ನಮ್ಮದು ಕಪಾಟುಗಳ ಸಮಿತಿ."

"ಹಂಗಾರ ಗುಂಡಿ ಯಾರ ವ್ಯಾಪ್ತಿ?"

"ಗುಂಡಿಗಳ ಸಮಿತಿ ಇನ್ನೂ ರಚನೆ ಆಗಿಲ್ಲ."

ಯಾರೂ ನಗಲಿಲ್ಲ. ಅವರು ನಿಜವಾಗಿಯೂ ಹಾಗೇ ಹೇಳಿದರು. ಆಮೇಲೆ ತಪ್ಪು ಯಾರದೆಂಬ ಮಾತು ಬಂತು, ಸಾಕ್ಷಿ ಹೇಳಲಿಕ್ಕೆಂದು ಕರೆಸಿದ್ದ ಪರಸಪ್ಪನ ಕಡೆ ಎಲ್ಲರೂ ನೋಡಿದರು. "ಗುಂಡಿ ಮ್ಯಾಲ ತೆಗೆ ಅಂತಿತ್ತು, ಅಕ್ಕಾರೂ ತೆಗೀರಿ ಅಂದ್ರು, ನಾ ತೆಗದೆ," ಎಂದ ಅವನು. ಅವನದು ತಪ್ಪಿಲ್ಲವೆಂದು ನಾನು ಕೂಗಾಡಿದೆ. ನಿಮ್ಮ ದೂರು ಮುಗಿದಿದೆ, ಕೂತುಕೊಳ್ಳಿ ಎಂದರು. ಅವನನ್ನು ಕೆಲಸದಿಂದ ತೆಗೆದರು. ಅವನನ್ನು ತೆಗೆಯುವಾಗ ಮಾತ್ರ ಆ ಮಾತಿನ ಅರ್ಥ ಯಾರಿಗೂ ಗೊಂದಲವಾಗಲಿಲ್ಲ.

ದವಾಖಾನೆ ಬಿಡುವ ದಿನ ಪರಸಪ್ಪ ಪೆಟ್ಟಿಗೆಯ ಗಾಜಿನ ಮೇಲೆ, ಆ ಗುಂಡಿಯ ಪಕ್ಕದಲ್ಲಿ, ಮೇಣದ ಬಳಪದಿಂದ "ಹುಷಾರ್, ಇದು ಅಳಸ್ತದ" ಎಂದು ಬರೆದುಬಂದ. ಮೊನ್ನೆ ಯಂಕೋಬನ ಹುಸಿಗಾಲಿನ ಅಳತೆಗೆಂದು ಹೋದಾಗ ನೋಡಿದೆ, ಇನ್ನೂ ಹಾಗೇ ಇದೆ. ಹೊಸ ಗುಮಾಸ್ತೆ ಅದನ್ನು ಓದಿ, ಗುಂಡಿ ಬಿಟ್ಟು, ಕಪಾಟಿನ ಹೆಸರಿನ ಮೇಲೆ ಬೆರಳಿಟ್ಟು ಒಳಗೆ ನೋಡುತ್ತಿದ್ದಳು. ನಮ್ಮ ಇಡೀ ಸೀಮೆಯ ಓಲೆಪೆಟ್ಟಿಗೆಗಳಲ್ಲಿ ಅರ್ಥವಾಗುವ ಮಾತು ಅದೊಂದೇ. ಪರಸಪ್ಪ ಈಗ ಕಂಬದ ರೆಕ್ಕೆಗಳ ಮರಳು ಉಜ್ಜುವ ಕೆಲಸದಲ್ಲಿದ್ದಾನೆ. ಕೆಳಗೆ ಕೂತು ಅವನಿಗೆ ಕೆಲಸ ಕಲಿಸುತ್ತಿರುವುದು ನನ್ನ ಗಂಡನೇ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಾಲದಲ್ಲಿ ಎಲ್ಲೋ ಒಂದು ಕೋಣೆಯಲ್ಲಿ ಯಾರೋ ಒಬ್ಬರು ಇಂಗ್ಲಿಷಿನ ಪದಗಳ ಎದುರಿಗೆ ಕನ್ನಡದ ಪದಗಳನ್ನು ತುಂಬುತ್ತಾ ಕೂತಿರುತ್ತಾರೆ. ಅವರಿಗೆ ಪೆಟ್ಟಿಗೆಯನ್ನೂ ತೋರಿಸಿರುವುದಿಲ್ಲ, ಗುಂಡಿಯನ್ನೂ ತೋರಿಸಿರುವುದಿಲ್ಲ. ಊಟದ ಹೊತ್ತಿಗೆ ಮುಗಿಸಿಕೊಡಿ ಎಂದಿರುತ್ತಾರೆ. ಅವರ ಹೆಗಲು ತಟ್ಟಿ ನಿಲ್ಲಿಸಿ. ಮನೆಯಲ್ಲಿರುವ ಅಜ್ಜಿಗೆ ಒಂದು ಫೋನು ಕೊಟ್ಟು, ಆಚೆ ಬದಿಯಲ್ಲಿ ಯಾರಾದರೂ ಅಪರಿಚಿತರನ್ನು ಕೂರಿಸಿ, ಆ ಪದಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಕೆಲಸ ಮಾಡಲಿಕ್ಕೆ ಬಿಡಿ. ಆಚೆಯವರು ತಪ್ಪು ಗುಂಡಿ ಒತ್ತಿದರೆ ಅವರನ್ನು ಬೈಯಬೇಡಿ, ಪದವನ್ನು ಅಲ್ಲೇ ಹೊಡೆದುಹಾಕಿ. ಒಂದು ಮಧ್ಯಾಹ್ನದ ಕೆಲಸ ಅಷ್ಟೆ. ಅಷ್ಟನ್ನು ನೀವು ಮಾಡಲಿಲ್ಲ ಎಂಬುದೇ ನನಗೆ ಇವತ್ತಿಗೂ ನಂಬಲಾಗದ ಸಂಗತಿ.

ಬಂಡಿಯ ಗಂಟೆ ಕೇಳಿಸುತ್ತಿದೆ. ಯಂಕೋಬ ಮೆಟ್ಟಿಲಿಳಿಯುವಾಗ ಹೆಗಲು ಕೊಡಬೇಕು. ಪತ್ರದ ಕೊನೆಗೆ ಹಿರಿಯರಿಗೆ ಒಳ್ಳೆಯದಾಗಲಿ ಎಂದು ಬರೆಯುವುದು ನಮ್ಮಲ್ಲೂ ರೂಢಿ. ಅಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ.

ತಿಪ್ಪವ್ವ