ಮಂಜು ಬಿದ್ದೈತೆ, ಲೈಟು ಹಾಕ್ಕೊಂಡು ಹೋಗು

ಪುಷ್ಯ ಮಾಸದ ನಲವತ್ತೊಂದನೆಯ ದಿನ
ನೆರಳುಕೇರಿ, ಹಳೆಯ ಚಿಂತಾಮಣಿಯ ಅಡಿ

ಪೂಜ್ಯ ಮುನಿರತ್ನಮ್ಮಜ್ಜಿಯವರಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳಾದ ಚೆನ್ನರತ್ನ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಹುಡುಗಿ ಕೈತಪ್ಪಿ ಬರೆದಿದ್ದಾಳೆ ಎಂದುಕೊಳ್ಳಬೇಡಿ. ಋತುಗಳು ತಮ್ಮ ಜಾಗ ಬಿಟ್ಟು ಸರಿದ ಮೇಲೆ ತಿಂಗಳುಗಳನ್ನು ಎಳೆದು ಉದ್ದ ಮಾಡಿದ್ದಾರೆ. ನಮ್ಮ ಪುಷ್ಯಕ್ಕೆ ಈಗ ಐವತ್ತು ದಿನ. ನನ್ನ ಕನ್ನಡವೂ ನಿಮಗೆ ಒಂದು ಥರಾ ಕೇಳಬಹುದು, ಕ್ಷಮಿಸಬೇಕು. ನಿಮ್ಮ ಕಾಲದವರ ಧ್ವನಿಗಳನ್ನು ಕೇಳಿ ಕೇಳಿ ಕಲಿತ ಭಾಷೆ ಇದು. ಮಾತುಗಳು ಉಳಿದಿವೆ, ಕೆಲವು ಮಾತುಗಳ ಅರ್ಥ ಮಾತ್ರ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿದೆ. ಅದನ್ನು ಹೇಳಲೆಂದೇ ಕೂತಿದ್ದೇನೆ, ಹೇಳುವುದಕ್ಕೆ ಮುಂಚೆಯೇ ಮುಖ ಬಿಸಿಯಾಗುತ್ತಿದೆ.

ಹಿರಿಯರಿಗೆ ಬರೆಯುವ ಅಂಚೆಗೆ ನಾವು ಹಿಂದಂಚೆ ಎನ್ನುತ್ತೇವೆ. ಅದು ತಲುಪುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಉತ್ತರವಂತೂ ಇದುವರೆಗೆ ಯಾರ ಮನೆಗೂ ಬಂದಿಲ್ಲ. ಆದರೂ ಹಿಮ ನೋಡಿ ಬಂದ ಮನೆಯವರು, ಯಾವ ಹಿರಿಯರ ದೆಸೆಯಿಂದ ಆ ಭಾಗ್ಯ ಸಿಕ್ಕಿತೋ ಅವರಿಗೆ ಒಂದು ಕೃತಜ್ಞತೆಯ ಪತ್ರ ಬರೆಯಬೇಕು. ಅದು ಪದ್ಧತಿ. ನಾವು ಮೊನ್ನೆ ಚಳಿಗಾಲದ ರಜೆಯಲ್ಲಿ ಹಿಮ ನೋಡಿ ಬಂದೆವು. ಅದು ನಿಮ್ಮ ದೆಸೆಯಿಂದಲೇ. ಹಾಗಾಗಿ ಬರೆಯದೆ ಗತಿಯಿಲ್ಲ.

ಈಗ ನಮ್ಮ ದೇಶದಲ್ಲಿ ಹಿಮ ಉಳಿದಿರುವುದು ಒಂದೇ ಕಡೆ, ಉತ್ತರದ ಬೆಟ್ಟಸೀಮೆಯ ಲಾಹೌಲ್‌ಗಿಂತ ತುಂಬಾ ಮೇಲೆ, ದೊಡ್ಡ ಕೆರೆಯಷ್ಟು ಜಾಗದಲ್ಲಿ. ಅದನ್ನು ಹಿಮಗದ್ದೆ ಎನ್ನುತ್ತಾರೆ. ಎಲ್ಲರನ್ನೂ ಬಿಟ್ಟರೆ ಒಂದೇ ವಾರದಲ್ಲಿ ತುಳಿದು ಕೆಸರು ಮಾಡಿಬಿಡುತ್ತಾರೆ. ಅದಕ್ಕೇ ಹಿಂದೆ ಹಿಮದ ನಡುವೆ ಬಾಳಿದವರ ಸಂತತಿಗೆ ಮಾತ್ರ ಪ್ರವೇಶ, ಅದೂ ಒಂದು ಮನೆಗೆ ಒಂದು ತಲೆಮಾರಿನಲ್ಲಿ ಒಂದೇ ದಿನ. ಇಂಥವರಿಗೆ ಹಿಮವಾರಸುದಾರರು ಎಂದು ಹೆಸರು. ವಾರಸುದಾರರೆಂದು ತೋರಿಸಲು ಕಾಗದಪತ್ರ ಕೇಳುವುದಿಲ್ಲ, ಅವೆಲ್ಲ ಎಂದೋ ಹಾಳಾದವು. ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಮಾತೊಂದನ್ನು ಹಿರಿಯರ ಪಂಚಾಯ್ತಿಯ ಮುಂದೆ ಹೇಳಬೇಕು. ಅವರಿಗೆ ಅದು ನಿಜವೆನಿಸಿದರೆ ಕೈಗೆ ಬಿಳಿ ದಾರ ಕಟ್ಟುತ್ತಾರೆ.

ನಮ್ಮ ಮನೆಯಲ್ಲಿ ನಿಮ್ಮ ಮಾತಿತ್ತು. ನೀವು ಬಸ್ ಸ್ಟ್ಯಾಂಡ್ ಎದುರು ಟೀ ಅಂಗಡಿ ಇಟ್ಟಿದ್ದಿರಂತೆ. ನಿಮ್ಮ ಹಿರಿಮಗ ಮುನಿಕೃಷ್ಣಪ್ಪನವರು ಬೆಳಗಿನ ಜಾವ ಟೆಂಪೊದಲ್ಲಿ ಟೊಮೆಟೊ ತುಂಬಿಕೊಂಡು ಹೊರಡುವಾಗ ನೀವು ಲೋಟ ತೊಳೆಯುತ್ತಲೇ ಕೂಗಿ ಹೇಳುತ್ತಿದ್ದಿರಂತೆ: “ಮಂಜು ಬಿದ್ದೈತೆ ಕಣಪ್ಪ. ಮುಂದೆ ಏನೂ ಕಾಣಲ್ಲ, ಲೈಟು ಹಾಕ್ಕೊಂಡು ನಿಧಾನಕ್ಕೆ ಹೋಗು. ಬಿಸ್ಲು ಬಂದ್ರೆ ಕರಗೋಗ್ತೈತೆ.” ಈ ಮಾತು ಒಂದಕ್ಷರ ಬಿಡದೆ ನಮ್ಮವರೆಗೆ ಬಂದಿದೆ. ಈಗಲೂ ಮನೆಯಿಂದ ಯಾರು ಹೊರಟರೂ, ಹೊರಗೆ ಬೆಂಕಿಯಂಥ ಬಿಸಿಲಿದ್ದರೂ, ನನ್ನ ಅಮ್ಮ ಬಾಗಿಲಲ್ಲಿ ನಿಂತು ಇದನ್ನು ಹೇಳಿಯೇ ಕಳಿಸುವುದು. ನಮಗೆ ಅದು ಆಶೀರ್ವಾದ.

ಮಂಜು ಎಂದರೆ ಹಿಮ ಎಂದು ನಾವು ತಿಳಿದಿದ್ದೆವು. ತಿಳಿಯದೆ ಏನು ಮಾಡುವುದು, ಅಜ್ಜಿ? ಈ ಸೀಮೆಯಲ್ಲಿ ಬೆಳಗಿನ ಹೊತ್ತು ಹೊಗೆಯಂಥದ್ದು ಇಳಿಯುವುದು ನಿಂತು ನಾಲ್ಕು ತಲೆಮಾರಾಯಿತು. ಇಬ್ಬನಿ ಎನ್ನುವುದು ನಮಗೆ ಹೆಣ್ಣುಮಕ್ಕಳ ಹೆಸರು ಮಾತ್ರ. ಹಳೆಯ ಚಿತ್ರಗಳಲ್ಲಿ ಬೆಟ್ಟದ ಮೇಲೆ ಬೆಳ್ಳಗೆ ಬಿದ್ದಿರುವುದನ್ನು ತೋರಿಸಿ ಮೇಷ್ಟರು ಮಂಜು ಎಂದರು, ನಾವೂ ಮಂಜು ಎಂದೆವು. ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಮೊಣಕಾಲುದ್ದ ಹಿಮ, ಅದರಲ್ಲಿ ನಿಮ್ಮ ಟೀ ಅಂಗಡಿ, ಹಿಮ ಸೀಳಿಕೊಂಡು ಹೋಗುವ ಟೊಮೆಟೊ ಟೆಂಪೊ, ಹೀಗೆ ನಾನು ಮಗಳಿಗೆ ಕಥೆ ಕಟ್ಟಿ ಹೇಳಿದ್ದೇನೆ. ಪಂಚಾಯ್ತಿಯ ಮುಂದೆಯೂ ಎದೆಯುಬ್ಬಿಸಿಕೊಂಡು ಹೇಳಿದೆ. ಅವರ ಕಿವಿಯಲ್ಲಿ ಪರಭಾಷೆಯನ್ನು ತಿರುಗಿಸಿ ಹೇಳುವ ಕಿವಿಮಣಿ ಇತ್ತು, ಆ ಮಣಿಯೂ ನಮ್ಮ ಮೇಷ್ಟರ ಹಾಗೇ ಹೇಳಿತು. “ಕರಗೋಗ್ತೈತೆ” ಎಂಬಲ್ಲಿಗೆ ಬಂದಾಗ ಒಬ್ಬ ಹಿರಿಯರು ಕಣ್ಣೊರೆಸಿಕೊಂಡರು. ನನಗೆ ಎಷ್ಟು ಜಂಬ ಬಂದಿತ್ತೆಂದರೆ, ಇಡೀ ಕೇರಿಗೆ ಸಿಹಿ ಹಂಚಿದೆ. ಕೇರಿಯವರು ಸುಮ್ಮನಿರುತ್ತಾರೆಯೇ? ನಮಗೆ ಸ್ವೆಟರ್ ಹೆಣೆದುಕೊಟ್ಟರು. ಯಾರೂ ಸ್ವೆಟರ್ ಕಂಡವರಲ್ಲ, ಚಿತ್ರ ನೋಡಿ ಹೆಣೆದದ್ದು. ನನ್ನ ಗಂಡ ಕದಿರಪ್ಪನವರ ಸ್ವೆಟರಿಗೆ ಒಂದು ತೋಳು ಮೊಣಕಾಲಿನವರೆಗೆ ಬರುತ್ತಿತ್ತು.

ಹಿಮಗದ್ದೆಯ ಗಾಜಿನ ಬಾಗಿಲಿನ ಹೊರಗೆ ಒಂದು ಬೆಂಚು ಇದೆ. ಅಲ್ಲಿ ಕೂರುವವರಿಗೆ ಉಳಿಕೆಯವರು ಎನ್ನುತ್ತಾರೆ. ಈ ವರ್ಷದ ದಿನಗಳು ಮುಗಿದು ಹೋಗಿ ಸರದಿ ತಪ್ಪಿದವರು ಅವರು. ಒಳಗಿದ್ದವರು ಹೊತ್ತು ಮುಳುಗುವ ಮುಂಚೆ ಹೊರಟರೆ ಮಿಕ್ಕ ಹೊತ್ತು ಅವರ ಪಾಲಿಗೆ. ನಾವು ಹೋದ ದಿನ ಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದ್ದರು, ಅಂಗ್ಮೊ ಎಂದು ಹೆಸರು. ಅವರ ಅಜ್ಜ ಮುತ್ತಜ್ಜರು ಅದೇ ಬೆಟ್ಟದ ಬುಡದಲ್ಲಿ ಕುರಿ ಸಾಕಿದವರು. ಮನೆತನದಲ್ಲಿ ಉಳಿದಿದ್ದು ಅವರೊಬ್ಬರೇ. ಈ ಚಳಿಗಾಲದ ಕೊನೆಯ ದಾರಕ್ಕೆ ಅವರೂ ಕೇಳಿಕೊಂಡಿದ್ದರಂತೆ, ಅದು ನಮಗೆ ಸಿಕ್ಕಿತ್ತು. ಕಾವಲಿನವರು ಇದನ್ನು ಸಹಜವಾಗಿ ಹೇಳಿದರು. ನಾನು ಅಯ್ಯೋ ಪಾಪ ಎಂದು ಹೇಳಿ ಒಳಗೆ ಹೋದೆ.

ಒಳಗಿನ ಸುಖವನ್ನು ಹೇಗೆ ಹೇಳಲಿ? ನನ್ನ ಮಗಳು ನವಿರು ಮೊದಲು ಹೆದರಿ ಕಾಲೆತ್ತಿ ನಿಂತಳು, ಆಮೇಲೆ ಅದರಲ್ಲಿ ಉರುಳಾಡಿದಳು. ಹಿಮವನ್ನು ಉಂಡೆ ಕಟ್ಟಿ ಎಸೆದಾಡಿದೆವು. ಕದಿರಪ್ಪನವರು ಹಿಮದಲ್ಲಿ ಗಣಪನನ್ನು ಮಾಡಲು ಹೋದರು. ಹೊಟ್ಟೆ ಸೊಗಸಾಗಿ ಬಂತು, ಸೊಂಡಿಲು ಮಾತ್ರ ಎಷ್ಟು ಸಲ ಅಂಟಿಸಿದರೂ ಕಳಚಿ ಬಿತ್ತು. ಕೊನೆಗೆ ಆ ಉದ್ದನೆಯ ತೋಳನ್ನು ಸ್ವೆಟರಿನಿಂದ ಕಿತ್ತು ಸೊಂಡಿಲು ಮಾಡಿದರು. ಅಮ್ಮ ಅದಕ್ಕೆ ಕೈಮುಗಿದರು. ನಾವು ನಕ್ಕು ನಕ್ಕು ಸುಸ್ತಾದೆವು.

ಮಧ್ಯಾಹ್ನ ಹಿಮಗುದುರೆ ಬಂತು. ನಿಮ್ಮ ಕಾಲದವರು ಅದನ್ನು ಸ್ನೋಮೊಬೈಲ್ ಎನ್ನುತ್ತಿದ್ದರಂತೆ; ಸ್ಕೂಟರಿನಂಥ ಹಿಡಿ, ಮುಂದೆ ಎರಡು ಜಾರುಪಟ್ಟಿ, ಒಂದು ದೀಪ. ಈಗಿನದಕ್ಕೆ ಸದ್ದೇ ಇಲ್ಲ, ಆದರೆ ಸದ್ದಿಲ್ಲದಿದ್ದರೆ ಮಕ್ಕಳಿಗೆ ಬೇಜಾರೆಂದು ಹಳೆಯ ಇಂಜಿನ್ನಿನ ಗುಡುಗುಡು ಧ್ವನಿಯನ್ನು ಸೇರಿಸಿದ್ದಾರೆ. ಕದಿರಪ್ಪನವರು ಹತ್ತಿ ಕೂತರು. ಅಮ್ಮ ರೂಢಿಯಂತೆ ಸೊಂಟಕ್ಕೆ ಕೈಕೊಟ್ಟು ನಿಮ್ಮ ಮಾತು ಹೇಳಿದರು. ಹೇಳಬೇಕಾದ ಜಾಗದಲ್ಲೇ ಹೇಳುತ್ತಿದ್ದೇವಲ್ಲ ಎಂದು ನನ್ನ ಕಣ್ಣು ತುಂಬಿತು. ಕದಿರಪ್ಪನವರು ವಿಧೇಯರಾಗಿ ಲೈಟು ಹಾಕಿದರು. ಸುತ್ತಲೂ ಕಣ್ಣು ಕೋರೈಸುವ ಬೆಳಕು. ದೀಪ ಹತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಯಿತು.

“ಎಲ್ಲಾ ಕಾಣ್ತೈತಲ್ಲಜ್ಜಿ,” ಎಂದಳು ನವಿರು. “ಆ ತುದಿ ಗುಡ್ಡಾನೂ ಕಾಣ್ತೈತೆ. ಲೈಟು ಯಾಕೆ?”

ಹಿಮ ಸುರಿಯುವಾಗ ಕಾಣದೇ ಇದ್ದೀತು ಎಂದು ನಾನು ಸಮಾಧಾನ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಕೈಯಲ್ಲಿದ್ದ ಹಿಮದ ಉಂಡೆಯನ್ನು ತಿರುಗಿಸಿ ನೋಡುತ್ತಾ, ಯಾವ ಕಪಟವೂ ಇಲ್ಲದೆ ಹೇಳಿದರು: “ಈಗ ನೆನಪಾಯ್ತು ಕಣೆ. ನಾನು ಚಿಕ್ಕೋಳಿದ್ದಾಗ ನಮ್ಮಜ್ಜಿ ಹೇಳ್ತಿದ್ಳು, ಮಂಜು ಮೈಗೆಲ್ಲಾ ಅಂಟ್ಕೊಂತೈತೆ, ಕೈಗೆ ಮಾತ್ರ ಸಿಗಲ್ಲ ಅಂತ. ಇದು ಸಿಗ್ತೈತಲ್ಲ?”

ಅಷ್ಟೇ. ಕದಿರಪ್ಪನವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಿಮ್ಮ ಮಂಜು ಹಿಮವಲ್ಲ ಎಂದು ಇಬ್ಬರಿಗೂ ಹೊಳೆದಿತ್ತು. ಗಾಜಿನಾಚೆ ಬೆಂಚಿನ ಮೇಲೆ ಅಂಗ್ಮೊ ಕೂತಿದ್ದರು. ಅವರ ದಿನದ ಮೇಲೆ ನಾವು ಗಣಪನನ್ನು ಕೂರಿಸಿದ್ದೆವು.

“ಮಗು ಒಂದು ಸುತ್ತು ಹೋಗಿ ಬಂದ್ಬಿಡ್ಲಿ. ಆಮೇಲೆ ಹೇಳಿದ್ರಾಯ್ತು,” ಎಂದರು ಕದಿರಪ್ಪನವರು ಮೆಲ್ಲಗೆ. ಅವರ ಮೇಲೆ ಹಾಕಿ ನಾನು ಜಾರಿಕೊಳ್ಳುವುದಿಲ್ಲ. ನನ್ನ ನಾಲಿಗೆಯ ತುದಿಯಲ್ಲೂ ಅದೇ ಇತ್ತು. ನವಿರು ಒಂದು ಸುತ್ತು ಹೋದಳು. ಇನ್ನೊಂದು ಎಂದಳು. ಆಮೇಲೆ ತಾನೇ ಹಿಡಿ ಹಿಡಿಯುತ್ತೇನೆಂದಳು. ಆಮೇಲೆ ನನ್ನನ್ನು ಹಿಂದೆ ಕೂರಿಸಿಕೊಂಡಳು. ನಾನೂ ಕೂತೆ, ಅಜ್ಜಿ. ಗೊತ್ತಿದ್ದೂ ಕೂತೆ. ಇಳಿಜಾರಿನಲ್ಲಿ ಕುದುರೆ ನೆಗೆದಾಗ ಮೈಮರೆತು ಕೇಕೆ ಹಾಕಿ ನಕ್ಕೆ. ಪ್ರತಿ ಸುತ್ತಿಗೂ ಗಾಜಿನ ಬಾಗಿಲ ಮುಂದೆ ಹಾದು ಹೋಗಬೇಕು. ಪ್ರತಿ ಸುತ್ತಿಗೂ ಆ ಮುದುಕಿ ನನ್ನ ಮಗಳತ್ತ ಕೈಬೀಸುತ್ತಿದ್ದರು. ನವಿರೂ ಬೀಸುತ್ತಿದ್ದಳು. ನಾನು ಆಚೆ ಕಡೆಗೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಪಂಚಾಯ್ತಿಯ ಮುಂದೆ ತಪ್ಪು ಹೇಳಿದ್ದು ಅಜ್ಞಾನ, ಅದಕ್ಕೆ ನನಗೆ ಅಷ್ಟು ನಾಚಿಕೆಯಿಲ್ಲ. ಆ ಸುತ್ತುಗಳನ್ನು ನೆನೆಸಿಕೊಂಡರೆ ತಲೆಯೆತ್ತಲಾಗುವುದಿಲ್ಲ.

ಸೂರ್ಯ ಬೆಟ್ಟದ ಅಂಚಿಗೆ ತಾಗಿದ ಮೇಲೆ ಹೋಗಿ ಕಾವಲಿನವರಿಗೆ ಹೇಳಿದೆ. ಅವರು ಬೈಯಲಿಲ್ಲ. ನಮ್ಮೆಲ್ಲರ ಕೈಯ ಬಿಳಿ ದಾರ ಕತ್ತರಿಸಿ ಬುಟ್ಟಿಗೆ ಹಾಕಿ, ಬಾಗಿಲು ತೆರೆದು ಅಂಗ್ಮೊ ಅವರನ್ನು ಕರೆದರು.

ಅಂಗ್ಮೊ ಒಳಗೆ ಬಂದು ಮೊದಲು ಮಾಡಿದ ಕೆಲಸ ಹಿಮವನ್ನು ಬೊಗಸೆಯಲ್ಲಿ ತೆಗೆದುಕೊಂಡು ಮೂಸಿ ನೋಡಿದ್ದು. ಆಮೇಲೆ ನಾವು ಯಾಕೆ ಹೊರಟೆವೆಂದು ಕೇಳಿದರು. ನಾನು ಮಂಜಿನ ವಿಷಯ ಹೇಳಿದರೆ ಅವರ ಕಿವಿಮಣಿಯೂ ಮತ್ತೆ ಹಿಮ ಎಂದೇ ಹೇಳಿತು. ಎಷ್ಟು ಹೇಳಿದರೂ ಹಿಮ, ಹಿಮ. ಕೊನೆಗೆ ಸಾಕಾಗಿ ಬಾಯಿ ತೆರೆದು ಉಸಿರು ಬಿಟ್ಟೆ. ಚಳಿಗೆ ಅದು ಬೆಳ್ಳಗೆ ಹೊಗೆಯಾಡಿತು. ಅದನ್ನು ತೋರಿಸಿ, “ಇದು. ನಮ್ಮದು ಇದು,” ಎಂದೆ. ಅವರು ಅರ್ಥ ಮಾಡಿಕೊಂಡು ಜೋರಾಗಿ ನಕ್ಕರು. ನನ್ನ ಮುಖದ ಹತ್ತಿರ ಬಂದು ತಾವೂ ಒಮ್ಮೆ ಉಸಿರು ಬಿಟ್ಟರು. ಅವರು ಸಿಟ್ಟಾಗಿದ್ದರೆ ನಾನು ಇಷ್ಟು ಕುಗ್ಗುತ್ತಿರಲಿಲ್ಲ.

ಅಷ್ಟರಲ್ಲಿ ಕತ್ತಲು ಇಳಿಯತೊಡಗಿತ್ತು. ಅವರಿಗೆ ಸಿಕ್ಕಿದ್ದು ಅರ್ಧ ಗಳಿಗೆಯ ಬೆಳಕು. ಹಿಮಗುದುರೆ ಹತ್ತಿದರು, ಆದರೆ ಮಬ್ಬಿನಲ್ಲಿ ಅವರ ಕಣ್ಣು ಸಾಲದು. ಕೈಮಾಡಿ ನವಿರುವನ್ನು ಕರೆದರು. “ನಿನಗೆ ದಾರಿ ಗೊತ್ತಲ್ಲ ಮಗಳೇ, ಮುಂದೆ ಕೂರು,” ಎಂದಿತು ನಮ್ಮ ಕಿವಿಯ ಮಣಿ. ದಾರ ಇಲ್ಲದ ಮಗು ಎಂದು ನಾನು ಕಾವಲಿನವರ ಕಡೆ ನೋಡಿದೆ. ಅವರು ಬೇರೆ ಎಲ್ಲೋ ನೋಡುತ್ತಿದ್ದರು. ನನ್ನ ಮಗಳು ಹಿಡಿ ಹಿಡಿದಳು, ಅಂಗ್ಮೊ ಹಿಂದಿನಿಂದ ಅವಳ ಸೊಂಟ ತಬ್ಬಿ ಕೂತರು. ಕುದುರೆ ಹೊರಡುವಾಗ ಅಮ್ಮನ ಬಾಯಿಂದ ತಾನೇ ತಾನಾಗಿ ನಿಮ್ಮ ಮಾತು ಬಂತು. “ಮುಂದೆ ಏನೂ ಕಾಣಲ್ಲ, ಲೈಟು ಹಾಕ್ಕೊಂಡು ನಿಧಾನಕ್ಕೆ ಹೋಗು.” ನಮ್ಮ ಕಾಲದಲ್ಲಿ ಆ ಮಾತು ಮೊದಲ ಸಲ ಸರಿಯಾದ ಹೊತ್ತಿಗೆ ಬಂದಿತ್ತು. ನವಿರು ಲೈಟು ಹಾಕಿದಳು. ಆ ಬೆಳಕು ಗದ್ದೆಯ ತುದಿಯವರೆಗೆ ಹೋಗಿ ತಿರುಗಿ ಬರುವವರೆಗೆ ನಾವು ಚಳಿಯಲ್ಲಿ ಕಾದೆವು.

ಊರಿಗೆ ಬಂದ ಮೇಲೆ ಕೇರಿಯವರು ಕಥೆ ಕೇಳಲು ಸೇರಿದ್ದರು. ಹೇಳಿದೆ. ಕೆಲವರು ನಕ್ಕರು, ಕೆಲವರು ಹಂಚಿದ ಸಿಹಿಯನ್ನು ನೆನಪಿಸಿದರು. ಅದನ್ನು ನುಂಗಿಕೊಳ್ಳಬಹುದು.

ಈಗ ನಿಮ್ಮಲ್ಲಿ ಒಂದು ಕೋರಿಕೆ. ನಾಳೆ ಬೆಳಗ್ಗೆ ನಿಮ್ಮ ಅಂಗಡಿಯ ಮುಂದೆ ಮಂಜು ಬೀಳುತ್ತದೆ. ಮುನಿಕೃಷ್ಣಪ್ಪನವರು ಟೆಂಪೊ ಹತ್ತುತ್ತಾರೆ, ನೀವು ಎಂದಿನಂತೆ ಕೂಗುತ್ತೀರಿ. ಆ ಮಾತಿನ ಕೊನೆಗೆ, ಲೋಟ ಕೆಳಗಿಟ್ಟು, ಇನ್ನೊಂದು ಮಾತು ಸೇರಿಸಿ: “ಕೈಗೆ ಸಿಗಲ್ಲ.” ಇಷ್ಟೇ ಸಾಕು. ನಾವು ಒಂದಕ್ಷರ ಬಿಡದೆ ಕಾಪಾಡುವ ಜನ, ಅದನ್ನೂ ಇಲ್ಲಿಯವರೆಗೆ ತರುತ್ತೇವೆ. ಆಗ ನಾನು ಪಂಚಾಯ್ತಿಗೆ ಹೋಗುವುದಿಲ್ಲ. ಬಿಳಿ ದಾರ ಅಂಗ್ಮೊ ಅವರ ಕೈಗೆ ಹೋಗುತ್ತದೆ, ಬೆಳಗಿನಿಂದ ಸಂಜೆಯವರೆಗೆ ಪೂರ್ತಿ ದಿನ ಅವರದಾಗುತ್ತದೆ.

ಹಾಗಾದರೆ ನವಿರು ಹಿಮ ಮುಟ್ಟಿರುವುದಿಲ್ಲ ಎನ್ನುವುದು ನನಗೆ ಗೊತ್ತು. ಅವಳು ಪಕ್ಕದಲ್ಲೇ ಮಲಗಿದ್ದಾಳೆ, ನಿದ್ದೆಯಲ್ಲೂ ಎರಡು ಕೈಯಿಂದ ಏನನ್ನೋ ಉಂಡೆ ಕಟ್ಟುತ್ತಿದ್ದಾಳೆ. ಮೇಲಿನ ಸಾಲುಗಳನ್ನು ಒಮ್ಮೆ ಅಳಿಸಿ ಮತ್ತೆ ಬರೆದಿದ್ದೇನೆ.

ಸೇರಿಸಿ, ಅಜ್ಜಿ.

ನಿಮ್ಮ
ಚೆನ್ನರತ್ನ